ಡಬ್ಬಿ ಸಾಹೇಬರ ಅಪ್ಪಣೆ

ಹುಬ್ಬಳ್ಳಿಯ ಖಾನಾವಳಿಗಳಿಗೆ ಜೋಳದ ರೊಟ್ಟಿ ಮುಟ್ಟಿಸುವ ವ್ಯಾನೊಂದು ಕಳೆದ ಮಳೆಗಾಲದಲ್ಲಿ ತನ್ನ ಮಾಲೀಕನ ಗುರುತೇ ಇಲ್ಲ ಎಂದುಬಿಟ್ಟಿತು. ಎಂಜಿನ್ ಗಟ್ಟಿ, ಟೈರು ಹೊಸವು, ಸಾಲದ ಕಂತು ತೀರಿದೆ, ವಿಮೆ ಚಾಲ್ತಿಯಲ್ಲಿದೆ. ಆದರೂ ಚಾವಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಬೀಗದ ಚಿತ್ರದ ಕೆಂಪು ದೀಪವೊಂದು ಮಿಣಮಿಣ ಅನ್ನುತ್ತದೆ, ಅಷ್ಟೇ. ‘ತಾವು ಯಾರು?’ ಅಂತ ಅದರ ತಾತ್ಪರ್ಯ.

ಮುನ್ಸೂಚನೆ ಇರಲಿಲ್ಲವೆಂದಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಎದ್ದು ಕೂರುತ್ತಿತ್ತು. ಚೆನ್ನಮ್ಮ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತರೆ ಬಾಗಿಲು ತಾನೇ ಲಾಕಾಗಿ ತಾನೇ ತೆರೆದುಕೊಳ್ಳುತ್ತಿತ್ತು. ರಾತ್ರಿಯಿಡೀ ಒಳಗಿನ ದೀಪ ಉರಿದು ಬೆಳಿಗ್ಗೆ ಬ್ಯಾಟರಿ ಸಪ್ಪಗಾಗಿರುತ್ತಿತ್ತು. ನಮ್ಮ ಓಣಿಯ ರೊಟ್ಟಿ ಕಾಕಾ ಮೊದಲು ಲಿಂಬೆಹಣ್ಣು ಕಟ್ಟಿದರು, ಆಮೇಲೆ ಬ್ಯಾಟರಿ ಬದಲಿಸಿದರು. ಎರಡರಿಂದಲೂ ಆದ ಉಪಯೋಗ ಅಷ್ಟಕ್ಕಷ್ಟೇ. ಲಿಂಬೆಹಣ್ಣು ಸೋವಿ ಬಿತ್ತು.

ಇಷ್ಟಕ್ಕೆಲ್ಲ ಕಾರಣ ಡಬ್ಬಿ ಸಾಹೇಬರು. ಕಂಪನಿಯ ಪುಸ್ತಕದಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲ್, ಗ್ಯಾರೇಜಿನಲ್ಲಿ ಬಿಸಿಎಂ. ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಅಡಗಿ ಕೂತ ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಹಿಂದೆ ಬ್ಯಾಟರಿ, ಫ್ಯೂಸು, ಸ್ವಿಚ್ಚು, ಬಲ್ಬು ನಾಲ್ವರೇ ಸೇರಿ ಕೆಲಸ ಮುಗಿಸುತ್ತಿದ್ದರು. ಸ್ವಿಚ್ಚು ಒತ್ತಿದರೆ ಬೆಳಕು. ಈಗ ಸ್ವಿಚ್ಚು ಒತ್ತುವುದೆಂದರೆ ಅರ್ಜಿ ಹಾಕುವುದು. ಅರ್ಜಿ ಸಾಹೇಬರ ಟೇಬಲ್ಲಿಗೆ ಹೋಗಬೇಕು, ಅವರು ಮನಸ್ಸು ಮಾಡಬೇಕು, ಕರೆಂಟು ಹಾಯಿಸುವ ರಿಲೇಗೆ ಆದೇಶ ಹೊರಡಬೇಕು, ಆಮೇಲೆ ದೀಪ. ವೈಪರ್, ಹಾರ್ನ್, ಬಾಗಿಲ ಲಾಕು, ಕಿಟಕಿಯ ಗಾಜು, ಚಾವಿಯ ಗುರುತು ಎಲ್ಲ ಖಾತೆಗಳೂ ಒಬ್ಬರ ಕೈಯಲ್ಲೇ. ಬೆಂಗಳೂರಿನಲ್ಲಿ ಇಷ್ಟು ಖಾತೆ ಒಬ್ಬರೇ ಇಟ್ಟುಕೊಂಡರೆ ಸರ್ಕಾರ ಬೀಳುತ್ತದೆ.

ಎಂಜಿನ್ನಿನ ಕಂಪ್ಯೂಟರಿನ ಜತೆ ಸಾಹೇಬರ ಪತ್ರವ್ಯವಹಾರ ನಡೆಯುವುದು ಹೆಣೆದುಕೊಂಡ ಎರಡು ತೆಳು ತಂತಿಗಳ ಮೇಲೆ. ಕ್ಯಾನ್ ಬಸ್ ಅಂತ ಅದಕ್ಕೆ ಹೆಸರು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಕೈಹಾಕಿ 1986ರಲ್ಲಿ ಅದನ್ನು ಜಗತ್ತಿನ ಮುಂದಿಟ್ಟಿತು. ಕಟ್ಟುಗಟ್ಟಲೆ ತಂತಿ ಉಳಿಸುವ ಜಾಣತನ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಅಪ್ಪಣೆ ಚೀಟಿಯ ಪದ್ಧತಿ ಆಮೇಲೆ ಬಂದವರ ಕೊಡುಗೆ.

ಗೋಕುಲ ರಸ್ತೆಯಿಂದ ವೈರಿಂಗ್ ಮಿಸ್ತ್ರಿ ಬಂದ. ಪಳಗಿದ ಕೈ. ಬ್ಯಾಟರಿ ಬಿಚ್ಚಿಟ್ಟು, ಸ್ಟೇರಿಂಗಿನ ಕೆಳಗಿನ 16 ಪಿನ್ನಿನ ಕನೆಕ್ಟರ್ ಹುಡುಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು 6ನೇ ಪಿನ್ನಿಗೆ, ಇನ್ನೊಂದನ್ನು 14ನೆಯದಕ್ಕೆ ಹಚ್ಚಿದ. 60 ಓಮ್ ಬಂತು. ‘ಲೈನ್ ಚಲೋ ಐತ್ರಿ ಕಾಕಾ’ ಅಂದ. ಆ ಎರಡು ಪಿನ್ನಿಗೆ ಬರುವುದು ಕ್ಯಾನ್ ಬಸ್ಸಿನ ಜೋಡಿ ತಂತಿ. ಅದರ ಎರಡೂ ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಸಮಾನಾಂತರವಾಗಿ ಸೇರಿದರೆ ಅದರರ್ಧ. ಮೀಟರು 60 ತೋರಿಸಿದರೆ ತಂತಿ ಎಲ್ಲೂ ಹರಿದಿಲ್ಲ ಅಂತ ಲೆಕ್ಕ. ಆಮೇಲೆ ಅರ್ಥಿಂಗ್ ಪಟ್ಟಿ ಬಿಚ್ಚಿ ಉಜ್ಜಿದ, ಫ್ಯೂಸುಗಳನ್ನು ಒಂದೊಂದಾಗಿ ನೋಡಿದ, ಕಡೆಗೆ ಸಾಹೇಬರನ್ನೇ ಹೊರಗೆಳೆದ. ಮುಂದಿನ ಗಾಜಿನ ರಬ್ಬರು ಬಿಟ್ಟುಕೊಂಡು, ಮಳೆನೀರು ನೇರ ಕನೆಕ್ಟರಿನ ಮೇಲೆ ಇಳಿದಿತ್ತು. ಪಿನ್ನುಗಳಿಗೆ ಹಸಿರು ಕಿಲುಬು. ಬೋರ್ಡಿನ ಮೂಲೆಯಲ್ಲಿ ಬೆರಳಗಲ ಜಾಗ ಸುಟ್ಟು ಕರ್ರಗಾಗಿತ್ತು. ರೋಗ ಪತ್ತೆಯಾಗಲು ಹಿಡಿದದ್ದು ಒಂದು ಮಧ್ಯಾಹ್ನ, ಎರಡು ಕಪ್ ಚಹಾ.

ಇಲ್ಲಿಗೆ ವಿಜ್ಞಾನ ಮುಗಿದು ಕಂದಾಯ ಇಲಾಖೆ ಶುರುವಾಯಿತು.

‘ಗುಜರಿಯೊಳಗ ಇಂಥಾದ್ದ ಡಬ್ಬಿ ಸಿಗತೈತಲ್ಲ, ತಂದು ಕೂಡಸಿದ್ರ?’ ಕಾಕಾ ಕೇಳಿದರು.

‘ಕೂಡಸಬಹುದ್ರಿ. ಕುಂಡ್ರತೈತಿ. ಕೆಲಸಾ ಮಾಡಂಗಿಲ್ಲ. ಅದು ಹಳೇ ಗಾಡೀನ್ನ ನೆನಪಿಟ್ಕೊಂಡ ಬಂದಿರತೈತಿ.’

‘ಹೊಸಾದು?’

‘ಹೊಸಾದಕ್ಕ ಯಾವ ನೆನಪೂ ಇರಂಗಿಲ್ರಿ. ಕಂಪನಿಯವ್ರ ಕಲಿಸಬೇಕು.’

ಕಲಿಸುವುದೆಂದರೆ ಗಾಡಿಯ 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆ ಬರೆಸಬೇಕು, ಈ ಗಾಡಿಗೆ ಏನೇನು ಇದೆ ಏನೇನು ಇಲ್ಲ ಎಂದು ಪಟ್ಟಿ ಕೊಡಬೇಕು, ಚಾವಿಯ ತಲೆಯೊಳಗಿನ ಚಿಪ್ಪನ್ನು ಪರಿಚಯ ಮಾಡಿಸಬೇಕು, ಎಂಜಿನ್ನಿನ ಕಂಪ್ಯೂಟರ್ ಜತೆ ಗುಟ್ಟಿನ ಸಂಕೇತ ತಾಳೆ ಹಾಕಬೇಕು. ಕಳ್ಳರಿಗೆ ಗಾಡಿ ಸಿಗಬಾರದೆಂದು ಮಾಡಿದ ಏರ್ಪಾಡು. ಸದ್ಯಕ್ಕೆ ಅದು ಮಾಲೀಕನಿಗೆ ಸಿಗದಂತೆ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಿತ್ತು. ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಬೆಳಗಾಗುವುದರೊಳಗೆ ಏರಿಸಿ ಕೊಡುವ ಮನುಷ್ಯರು ಹುಬ್ಬಳ್ಳಿಯಲ್ಲಿ ಗಲ್ಲಿಗೊಬ್ಬರಿದ್ದಾರೆ. ಪಕ್ಕದ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬಸ್ಸಿಗೆ ಬಸ್ಸನ್ನೇ ಕಟ್ಟುತ್ತಾರೆ. ಇಂಥ ಅವಳಿ ನಗರ ನಾಲ್ಕು ಸ್ಕ್ರೂ, ಮೂರು ಕನೆಕ್ಟರಿನ ಡಬ್ಬಿಯ ಮುಂದೆ ಕೈಕಟ್ಟಿ ನಿಂತಿತು. ವಿದ್ಯೆಗೇನೂ ಕೊರತೆ ಇರಲಿಲ್ಲ. ಪಾಸ್‌ವರ್ಡ್ ಇರಲಿಲ್ಲ.

ಹಗ್ಗ ಕಟ್ಟಿ ವ್ಯಾನನ್ನು ಮಾನ್ಯತೆ ಪಡೆದ ಸರ್ವಿಸ್ ಸೆಂಟರಿಗೆ ಎಳೆದೊಯ್ದರು. ಯಾವ ಕಂಪನಿಯದೆಂದು ಕೇಳಬೇಡಿ. ಯಾವುದಾದರೂ ಕಥೆ ಇಷ್ಟೇ. ಗಾಜಿನ ಬಾಗಿಲು, ಎಸಿ, ಗುಂಡಿ ಒತ್ತಿದರೆ ಕಾಫಿ. ಆರ್‌ಸಿ ಕೇಳಿದರು, ಕೊಟ್ಟರು. ಆಧಾರ್ ಕೇಳಿದರು, ಕೊಟ್ಟರು. ‘ಎರಡೂ ಚಾವಿ ಬೇಕ್ರಿ, ಇವತ್ತ ತೋರಿಸದ ಚಾವಿ ನಾಳಿಗೆ ನಡಿಯಂಗಿಲ್ಲ’ ಅಂದಾಗ ಕಾಕಾ ತೊಡರಿದರು. ಎರಡನೇ ಚಾವಿ ಲಕ್ಷ್ಮೇಶ್ವರದ ಅಳಿಯನ ಮನೆಯಲ್ಲಿತ್ತು. ಅಳಿಯ ಬಸ್ಸು ಹತ್ತಿ ಬಂದ. ಪಡಿತರ ಚೀಟಿಗೆ ಮನೆಮಂದಿಯೆಲ್ಲ ಹೆಬ್ಬೆಟ್ಟು ಕೊಡಲು ಹೋದದ್ದು ಗೊತ್ತಿತ್ತು. ಚಾವಿಗಳೂ ಖುದ್ದು ಹಾಜರಾಗಬೇಕೆಂದು ಓಣಿಗೆ ಅವತ್ತೇ ತಿಳಿದದ್ದು.

ಹೊಸ ಡಬ್ಬಿ ಡಿಪೋದಿಂದ ಬರುವವರೆಗೆ ರೊಟ್ಟಿ ಕಾಯುವುದಿಲ್ಲವಲ್ಲ. ಕಾಕಾ ಒಂದು ಹಳೇ ಟಂಟಂ ರಿಕ್ಷಾ ಬಾಡಿಗೆ ಹಿಡಿದರು. ಅದರಲ್ಲಿ ಸ್ವಿಚ್ಚಿನಿಂದ ದೀಪಕ್ಕೆ ನೇರ ತಂತಿ. ಯಾರನ್ನೂ ಕೇಳದೆ ಉರಿಯುವ ದೀಪ ನೋಡಿ ಅವರಿಗೆ ಕಣ್ತುಂಬಿ ಬಂತಂತೆ, ಚಾಲಕ ಹೇಳಿದ್ದು.

ಈ ನಡುವೆ ವ್ಯಾನಿನ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಸರ್ಕಾರಿ ಪತ್ರ, ಮುಗಿಯುತ್ತ ಬಂದಿತ್ತು. ಬಾಡಿಗೆಗೆ, ಸಾಗಾಟಕ್ಕೆ ಓಡುವ ಗಾಡಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾ ವರ್ಷಾ ಅದನ್ನು ನವೀಕರಿಸಬೇಕು. ದೀಪ, ವೈಪರ್, ಹಾರ್ನ್ ನೋಡುತ್ತಾರೆ, ನೋಡಲೇಬೇಕು. ಅವು ಮೂರೂ ಸರಿಯಿವೆ. ಅವುಗಳ ಸಾಹೇಬರು ರಜೆಯಲ್ಲಿದ್ದಾರೆ ಎಂದು ಬರೆಯಲು ಅರ್ಜಿಯಲ್ಲಿ ಕಲಂ ಇಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಎನ್ನುವಂತಿಲ್ಲ. ಕೊಂಡ ವಸ್ತುವನ್ನು ತಮಗೆ ಬೇಕಾದಲ್ಲಿ ರಿಪೇರಿ ಮಾಡಿಸಿಕೊಳ್ಳುವ ‘ರಿಪೇರಿಯ ಹಕ್ಕು’ ವಿಚಾರಕ್ಕೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜತೆ ವಾಹನವೂ ಪಟ್ಟಿಯಲ್ಲಿತ್ತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಪೋರ್ಟಲ್ಲೂ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ವೋಟು ಹಾಕಿ ವಾಹನ ರಿಪೇರಿಗೆ ಕಾನೂನು ತಂದುಕೊಂಡಿದ್ದರು. ನಮಗೆ ಪೋರ್ಟಲ್ ಆದರೂ ಸಿಕ್ಕಿತಲ್ಲ. ಅಳಿಯ ಮೊಬೈಲಿನಲ್ಲಿ ಅದನ್ನು ತೆರೆದ. ಅಲ್ಲಿಂದ ಕಂಪನಿಯ ಕಸ್ಟಮರ್ ಕೇರ್ ನಂಬರು ಸಿಕ್ಕಿತು. ಕಸ್ಟಮರ್ ಕೇರಿನ ಹುಡುಗಿ ಹಿಂದಿಯಲ್ಲಿ ಬಹಳ ಪ್ರೀತಿಯಿಂದ ಒಂದು ವಿಳಾಸ ಕೊಟ್ಟಳು. ಕಾಕಾ ಕಾಫಿ ಕುಡಿಯುತ್ತ ಕೂತಿದ್ದ ಸರ್ವಿಸ್ ಸೆಂಟರಿನದೇ ವಿಳಾಸ.

ಡಬ್ಬಿ ಬಂತು. ಕಲಿಸುವಾಗ ಕರೆಂಟು ಕುಸಿದರೆ ಸಾಹೇಬರು ಹುಟ್ಟುವ ಮೊದಲೇ ತೀರಿಹೋಗುವ ಭಯವಿರುವುದರಿಂದ ಬ್ಯಾಟರಿಗೆ ಚಾರ್ಜರ್ ಕಟ್ಟಿ, ಲ್ಯಾಪ್‌ಟಾಪ್ ಜೋಡಿಸಿ, ಹುಡುಗ ಗುಂಡಿ ಒತ್ತಿದ. ಸರ್ವರ್ ಡೌನ್. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ನಿಂತು ಪಳಗಿದ ಕಾಕಾ ಚಪ್ಪಲಿ ಬಿಟ್ಟು ಸೋಫಾದ ಮೇಲೆ ಕಾಲು ಮಡಚಿ ಕೂತರು. ಸಂಜೆ ಸರ್ವರ್ ಎದ್ದಿತು. ಕೋಡಿಂಗ್ ಆಯಿತು. ಆದ ಕೂಡಲೇ, ಹಿಂದೆ ಬರೀ ತಗಡಿನ ಬಾಗಿಲಿರುವ, ಗಾಜೇ ಇಲ್ಲದ ವ್ಯಾನು ‘ಹಿಂದಿನ ವೈಪರ್ ಕೆಟ್ಟಿದೆ’ ಎಂದು ದೂರು ದಾಖಲಿಸಿತು.

‘ಮಾಡಲ್ ತಪ್ಪು ಬಿದ್ದೈತ್ರಿ’ ಅಂದ ಹುಡುಗ.

‘ಇರಲಿ ಬಿಡಪಾ, ಒಂದ ವೈಪರ್ ಹಚ್ಚೇ ಬಿಡ್ರಿ’ ಅಂದರು ಕಾಕಾ. ಅವರು ಆ ಹೊತ್ತಿಗೆ ಎಲ್ಲಕ್ಕೂ ಸಿದ್ಧರಾಗಿದ್ದರು.

ಮತ್ತೆ ಕಲಿಸಿದರು. ಗಾಡಿ ಚಾಲೂ ಆಯಿತು. ಬಿಲ್ಲಿನಲ್ಲಿ ಡಬ್ಬಿಗೆ ಒಂದು ಸಾಲು, ಡಬ್ಬಿಗೆ ಬುದ್ಧಿ ಕಲಿಸಿದ್ದಕ್ಕೆ ಒಂದು ಸಾಲು, ಎರಡಕ್ಕೂ ಜಿಎಸ್‌ಟಿ. ನೀರು ಸೋರುವ ರಬ್ಬರಿನ ಸುದ್ದಿ ಬಿಲ್ಲಿನಲ್ಲೂ ಇಲ್ಲ, ಯಾರ ಬಾಯಲ್ಲೂ ಇಲ್ಲ. ಅದನ್ನು ಗೋಕುಲ ರಸ್ತೆಯ ಮಿಸ್ತ್ರಿಯೇ ಆಮೇಲೆ ಒಂದು ಟ್ಯೂಬು ಸಿಲಿಕೋನ್ ಹಚ್ಚಿ ಮುಚ್ಚಿದ. ಅದಕ್ಕೆ ಪಾಸ್‌ವರ್ಡ್ ಬೇಕಾಗಲಿಲ್ಲ.

ಹೊರಡುವಾಗ ಕೌಂಟರಿನ ಹುಡುಗಿ ದನಿ ತಗ್ಗಿಸಿದಳು: ‘ಕಾಕಾ, ನಾಳೆ ಕಂಪನಿಯಿಂದ ಫೋನ್ ಬರ್ತೈತ್ರಿ. ಹತ್ತಕ್ಕ ಹತ್ತ ಕೊಡ್ರಿ. ಒಂಬತ್ತ ಕೊಟ್ರೂ ನಮಗ ಸೊನ್ನೀನ.’

‘ಕೊಡೂಣವ್ವಾ’ ಅಂದರು ಕಾಕಾ, ಎರಡೂ ಚಾವಿ ಜೇಬಿಗಿಳಿಸುತ್ತ. ‘ಒಳಗಿನ ಸಾಹೇಬ್ರನ್ನ ಒಂದ ಮಾತ ಕೇಳಿ ಹೇಳ್ತೇನಿ.’