ಪೊಪ್ಪೆಯಾಗೆ ಬೇಕಾಗಿದ್ದದ್ದು ನೀರೋನೋ, ಸಿಂಹಾಸನವೋ?

ಮೊಂತೆವೆರ್ದಿಯ ‘ಪೊಪ್ಪೆಯಾಳ ಪಟ್ಟಾಭಿಷೇಕ’ ಒಪೆರಾದ ಮಾತು ಬಂದಾಗಲೆಲ್ಲ ಒಂದು ಆಕ್ಷೇಪವೂ ಜೊತೆಗೇ ಬರುತ್ತದೆ. ಹಾಡಿನಲ್ಲೇ ನಡೆಯುವ ಈ ನಾಟಕದಲ್ಲಿ ರೋಮಿನ ಚಕ್ರವರ್ತಿ ನೀರೋ ತನ್ನ ರಾಣಿ ಒತ್ತಾವಿಯಾಳನ್ನು ತ್ಯಜಿಸಿ ಪ್ರೇಯಸಿ ಪೊಪ್ಪೆಯಾಳನ್ನು ಸಿಂಹಾಸನಕ್ಕೇರಿಸುತ್ತಾನೆ. ಇದರಲ್ಲಿ ಕೆಟ್ಟವರು ಗೆಲ್ಲುತ್ತಾರೆ, ಉಳಿದವರು ಸಾಯುತ್ತಾರೆ ಇಲ್ಲವೇ ಗಡೀಪಾರಾಗುತ್ತಾರೆ, ಕೊನೆಯಲ್ಲಿ ಅತ್ಯಂತ ಮಧುರವಾದ ಹಾಡು ದಕ್ಕುವುದು ತಪ್ಪಿತಸ್ಥರಿಬ್ಬರಿಗೇ. ಹಾಗಿದ್ದ ಮೇಲೆ ಇದು ಅನೀತಿಯನ್ನು ಮೆರೆಸುವ ನಾಟಕವಲ್ಲವೇ ಎಂಬುದು ಆ ಆಕ್ಷೇಪ. ಇದನ್ನು ಕಾಮಕ್ಕೂ ಧರ್ಮಕ್ಕೂ ನಡೆದ ಕದನವೆಂದು ನೋಡಿದರೆ ಹಾಗೆ ಅನ್ನಿಸುವುದು ಸಹಜವೇ. ನನಗಂತೂ ಇದು ಮೊದಲಿನಿಂದ ಕೊನೆಯವರೆಗೂ ರಾಜಕೀಯ ನಾಟಕವಾಗಿಯೇ ಕೇಳಿಸುತ್ತದೆ. ಒಬ್ಬನ ಇಚ್ಛೆಯೇ ಕಾನೂನಾಗಿರುವ ಅರಮನೆಯಲ್ಲಿ ಎಲ್ಲರ ಆಸೆ, ಭಯ, ಹಗೆಗಳೂ ಆ ಒಬ್ಬನ ಮಲಗುವ ಕೋಣೆಯ ಬಾಗಿಲನ್ನೇ ಹಾದುಹೋಗಬೇಕಾಗುತ್ತದೆ ಎಂಬುದನ್ನು ಪೊಪ್ಪೆಯಾ ಉಳಿದವರೆಲ್ಲರಿಗಿಂತ ಮೊದಲು ಅರಿತಿದ್ದಾಳೆ, ಅಷ್ಟೆ.

ಈ ಕೃತಿ 1643ರ ಕಾರ್ನಿವಲ್ ಹಬ್ಬದ ಋತುವಿನಲ್ಲಿ ವೆನಿಸ್ ನಗರದಲ್ಲಿ ರಂಗಕ್ಕೆ ಬಂತು. ಹಣ ಕೊಟ್ಟು ಯಾರು ಬೇಕಾದರೂ ಒಪೆರಾ ನೋಡಬಹುದಾದ ರಂಗಮಂದಿರ ಆ ನಗರದಲ್ಲಿ ಶುರುವಾಗಿ ಆಗಿನ್ನೂ ಐದಾರು ವರ್ಷಗಳಾಗಿದ್ದವು. ಸಂಗೀತ ರಚಿಸಿದ ಮೊಂತೆವೆರ್ದಿಗೆ ಎಪ್ಪತ್ತೈದು ದಾಟಿತ್ತು, ಅದೇ ವರ್ಷದ ನವೆಂಬರಿನಲ್ಲಿ ಅವನು ತೀರಿಕೊಂಡ. ಪದ್ಯ ಬರೆದ ಬುಸೆನೆಲ್ಲೊ ವೃತ್ತಿಯಿಂದ ವಕೀಲ. ಅದು ಅವನ ಪಾತ್ರಗಳ ಮಾತಿನಲ್ಲಿ ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ ಇಲ್ಲಿ ಯಾವ ಪಾತ್ರವೂ ತನ್ನ ವಾದವನ್ನು ಪೂರ್ತಿ ಮಂಡಿಸದೆ ರಂಗದಿಂದ ಹೋಗುವುದಿಲ್ಲ. ತಾಳಮದ್ದಳೆಯಲ್ಲಿ ಕೌರವನ ಅರ್ಥವನ್ನು ಮನಸ್ಸಿಟ್ಟು ಕೇಳಿದವರಿಗೆ ಈ ಗುಣ ಹೊಸದೆನಿಸಲಾರದು.

ಪೂರ್ವರಂಗದಲ್ಲಿ ಭಾಗ್ಯದೇವತೆಯೂ ಸದ್ಗುಣದೇವತೆಯೂ ತಾನು ಹೆಚ್ಚು ತಾನು ಹೆಚ್ಚು ಎಂದು ಜಗಳವಾಡುತ್ತಿರುವಾಗ ಪ್ರೇಮದೇವತೆ ಬಂದು, ಜಗತ್ತು ನಡೆಯುವುದು ತನ್ನ ಕಣ್ಸನ್ನೆಯಿಂದ ಎಂದು ಸಾರುತ್ತದೆ. ಬಹುಪಾಲು ವಿಮರ್ಶಕರು ಈ ಮಾತನ್ನು ನಂಬಿ ಮುಂದೆ ಸಾಗುತ್ತಾರೆ. ನಾನು ನಂಬುವುದಿಲ್ಲ, ಏಕೆಂದರೆ ಅದನ್ನು ಅಲ್ಲಗಳೆಯುವ ಸಾಕ್ಷಿ ಮೊದಲನೆಯ ಅಂಕದಲ್ಲೇ ಇದೆ. ಬೆಳಗಿನ ಜಾವ ನೀರೋ ಪೊಪ್ಪೆಯಾಳ ಮನೆಯಿಂದ ಹೊರಟು ನಿಂತಿದ್ದಾನೆ. ಅವಳು ಅವನನ್ನು ಬಿಡಲೊಲ್ಲಳು. ತಮ್ಮಿಬ್ಬರ ಸಂಬಂಧ ರೋಮಿಗೆ ತಿಳಿಯಬಾರದು, ಒತ್ತಾವಿಯಾ ಇನ್ನೂ... ಎಂದು ಅವನು ತಡವರಿಸುತ್ತಾನೆ. ಇನ್ನೂ ಏನು, ಇನ್ನೂ ಏನು ಎಂದು ಅವಳು ಅವನ ಅರ್ಧ ಮಾತನ್ನೇ ಹಿಡಿದು ಎಳೆಯುತ್ತಾಳೆ. ರಾಣಿಯನ್ನು ತ್ಯಜಿಸುವವರೆಗೆ ಎಂಬ ಮಾತು ಅವನ ಬಾಯಿಂದ ಬಿದ್ದ ಕ್ಷಣವೇ ಅವಳ ಉತ್ತರ: ಹೋಗು ಪ್ರಿಯಾ, ಹೋಗು. ಅಷ್ಟು ಹೊತ್ತು ಬಿಡದೆ ಹಿಡಿದಿದ್ದ ಕೈ ಬೇಕಾದದ್ದು ಸಿಕ್ಕೊಡನೆ ಸಡಿಲವಾಗುತ್ತದೆ. ಅವನು ಹೋದ ಮೇಲೆ ಅವಳು ಒಬ್ಬಳೇ ಹಾಡುವುದು ಭರವಸೆಯನ್ನು ಕುರಿತು, ತನ್ನ ಹೆಗಲೇರಲಿರುವ ರಾಜವಸ್ತ್ರವನ್ನು ಕುರಿತು. ನಲ್ಲನ ನೆನಪಿಗೆ ಅಲ್ಲಿ ಹೆಚ್ಚು ಜಾಗವಿಲ್ಲ. ದೊಡ್ಡವರ ಪ್ರೀತಿ ಅಪಾಯದ್ದು, ರಾಣಿಗೆ ತಿಳಿದರೆ ಉಳಿಗಾಲವಿಲ್ಲ ಎಂದು ದಾದಿ ಆರ್ನಾಲ್ತಾ ಎಷ್ಟು ಎಚ್ಚರಿಸಿದರೂ ಅವಳು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಾಗೆಂದು ಅವಳನ್ನು ಬರಿಯ ಮಾಯಾಂಗನೆ ಎಂದು ತಳ್ಳಿಹಾಕುವ ಪ್ರಯೋಗಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸೆನೆಟಿನಲ್ಲಿ ಕೂರಲಾಗದ, ಸೈನ್ಯ ನಡೆಸಲಾಗದ ಹೆಣ್ಣಿಗೆ ಅಧಿಕಾರದತ್ತ ಹೋಗಲು ಆ ಊರಿನಲ್ಲಿ ಇದ್ದ ದಾರಿಗಳೆಷ್ಟು? ತಂದೆ, ಗಂಡ, ಮಗ, ಈ ಮೂವರಲ್ಲಿ ಒಬ್ಬರ ಮೂಲಕವೇ ಹೋಗಬೇಕು. ನೀರೋನ ತಾಯಿ ಅಗ್ರಿಪ್ಪಿನಾ ಮಗನ ಮೂಲಕ ಹೋಗಿ, ಕ್ರಿ.ಶ. 59ರಲ್ಲಿ ಅದೇ ಮಗನ ಆಜ್ಞೆಯಿಂದ ಕೊಲೆಯಾದಳು. ಪೊಪ್ಪೆಯಾ ಹಿಡಿದದ್ದು ಗಂಡನ ದಾರಿಯನ್ನು.

ನೀರೋನ ಉದ್ದೇಶದಲ್ಲಿ ಒಗಟೇನೂ ಇಲ್ಲ. ಅವನ ತರ್ಕ ಮಾತ್ರ ನಡುಕ ಹುಟ್ಟಿಸುವಂಥದ್ದು. ಗುರುವೂ ತತ್ವಜ್ಞಾನಿಯೂ ಆದ ಸೆನೆಕಾನೊಡನೆ ನಡೆಯುವ ವಾದವೇ ಇಡೀ ಕೃತಿಯ ರಾಜಕೀಯ ಕೇಂದ್ರವೆಂದು ನಾನು ತಿಳಿದಿದ್ದೇನೆ. ಒತ್ತಾವಿಯಾ ಬಂಜೆ, ತಣ್ಣನೆಯವಳು ಎಂಬ ಕಾರಣ ಕೊಟ್ಟು ಮಾತು ಆರಂಭಿಸುವ ಚಕ್ರವರ್ತಿ, ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾರಣ ಕೊಡುವ ಅಭ್ಯಾಸವನ್ನೇ ಬಿಟ್ಟುಬಿಡುತ್ತಾನೆ. ಕಾನೂನು ಇರುವುದು ಆಳುಗಳಿಗೆ, ಸೆನೆಟನ್ನಾಗಲಿ ಜನರನ್ನಾಗಲಿ ತಾನು ಲೆಕ್ಕಕ್ಕಿಡುವುದಿಲ್ಲ ಎನ್ನುತ್ತಾನೆ. ನಿನ್ನ ಕೀರ್ತಿಯ ಬಗ್ಗೆಯಾದರೂ ಯೋಚಿಸು ಎಂದರೆ, ನಿಂದಿಸಿದವರ ನಾಲಗೆ ಕೀಳುತ್ತೇನೆ ಎನ್ನುತ್ತಾನೆ. ಸೆನೆಕಾನ ಮಂದ್ರಸ್ವರ ತಗ್ಗಿನಲ್ಲೇ ನಿಂತು ನಿಧಾನವಾಗಿ ಮಾತಾಡುತ್ತಿದ್ದಂತೆ ನೀರೋನ ಎತ್ತರದ ಕಂಠ ಮೇಲಿನಿಂದ ರೇಗುತ್ತ ಚೂರುಚೂರಾಗುತ್ತದೆ. ಕಾಮ ಇವನಿಗೆ ಒಂದು ನೆಪವೆಂದು ಹೇಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಅವನ ಮೋಹ ನಿಜವಾದದ್ದೇ. ಸೈನ್ಯವಿರುವವನ ಮೋಹವಾದ್ದರಿಂದ ಅದು ಇತರರಿಗೆ ಮರಣದಂಡನೆಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಪೊಪ್ಪೆಯಾ, ನಿನ್ನ ರಾಜದಂಡ ತನ್ನ ಕೃಪೆಯಲ್ಲಿದೆ ಎಂದು ಆ ಮುದುಕ ಜನರನ್ನು ನಂಬಿಸುತ್ತಿದ್ದಾನೆ ಎಂದು ಮೆಲ್ಲನೆ ಕಿವಿಗೆ ಹಾಕುತ್ತಾಳೆ. ವಿಚಾರಣೆಯಿಲ್ಲ, ಎರಡನೆಯ ಯೋಚನೆಯೂ ಇಲ್ಲ. ಈ ಸಂಜೆಯೇ ಸೆನೆಕಾ ಸಾಯಬೇಕೆಂದು ಆಜ್ಞೆ ಹೊರಡುತ್ತದೆ.

ಸೆನೆಕಾ ಇಲ್ಲಿ ಪೂರ್ತಿ ಮಹಾತ್ಮನೂ ಅಲ್ಲ, ಪೂರ್ತಿ ಡಾಂಭಿಕನೂ ಅಲ್ಲ. ಅವನ ಪ್ರವೇಶಕ್ಕೆ ಮೊದಲೇ, ನಿದ್ದೆಗೆಟ್ಟ ಇಬ್ಬರು ಕಾವಲುಗಾರರು ಚಕ್ರವರ್ತಿಯ ಜೊತೆಗೆ ಅವನನ್ನೂ ಬೈದು ಮುಗಿಸಿರುತ್ತಾರೆ. ವಿಧಿಯ ಪೆಟ್ಟು ಬಿದ್ದಷ್ಟೂ ನಿನ್ನ ತೇಜಸ್ಸು ಹೆಚ್ಚುತ್ತದೆ ಎಂದು ಅವನು ರಾಣಿಗೆ ಸಮಾಧಾನ ಹೇಳಿದಾಗ, ನೊಂದವರಿಗೆ ಇವು ಪ್ರಯೋಜನವಿಲ್ಲದ ಅಲಂಕಾರದ ಮಾತುಗಳು ಎಂದು ಅವಳು ಮುಖಕ್ಕೇ ಹೇಳುತ್ತಾಳೆ. ಅವಳ ಊಳಿಗದ ಹುಡುಗನಂತೂ ಗಡ್ಡಕ್ಕೆ ಬೆಂಕಿ ಇಡುತ್ತೇನೆಂದು ಗದರಿಸುತ್ತಾನೆ. ಈ ಸಂಶಯಕ್ಕೆ ಇತಿಹಾಸದಲ್ಲೂ ಆಧಾರವಿದೆ: ನಾಲ್ಕು ವರ್ಷಗಳ ರಾಜಸ್ನೇಹದಲ್ಲಿ ಮೂವತ್ತು ಕೋಟಿ ಸೆಸ್ಟರ್ಸ್ ನಾಣ್ಯ ಗಳಿಸಿದ್ದು ಯಾವ ತತ್ವಜ್ಞಾನದಿಂದ ಎಂದು ಅವನ ವಿರೋಧಿಯೊಬ್ಬ ಕೇಳಿದ್ದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಆದರೂ ಸಾವಿನ ಆಜ್ಞೆ ಬಂದಾಗ ಅವನು ಅಳುಕುವುದಿಲ್ಲ. ಸಾಯಬೇಡ, ಈ ಬದುಕು ಬಹಳ ಸಿಹಿಯಾದದ್ದು ಎಂದು ಗೋಗರೆಯುವವರು ಅವನ ಆಪ್ತರು. ಬದುಕಿರುವಾಗ ಅವನ ಮಾತಿಗೆ ಸಿಗದ ತೂಕ ಸಾವಿನಿಂದಲಾದರೂ ಸಿಕ್ಕೀತೆಂಬ ಆಸೆಯೇ ಅವನ ಕೊನೆಯ ಉದ್ದೇಶವಿರಬೇಕೆಂದು ನನ್ನ ಊಹೆ. ಆ ಆಸೆಯನ್ನೂ ನಾಟಕ ಉಳಿಸುವುದಿಲ್ಲ. ಮರುಕ್ಷಣಕ್ಕೇ ನೀರೋ, ಸೆನೆಕಾ ಸತ್ತ, ಬಾ ಹಾಡೋಣ ಎಂದು ಕವಿ ಲೂಕಾನನನ್ನು ಕರೆಯುತ್ತಾನೆ, ಇಬ್ಬರೂ ಸೇರಿ ಪೊಪ್ಪೆಯಾಳ ತುಟಿಗಳನ್ನು ಹೊಗಳುತ್ತಾರೆ. ಲೂಕಾನ ಸೆನೆಕಾನ ಸ್ವಂತ ತಮ್ಮನ ಮಗ. 65ರಲ್ಲಿ ನೀರೋನ ವಿರುದ್ಧ ಪಿಸೋ ಎಂಬವನು ಹೂಡಿದ ಪಿತೂರಿ ಬಯಲಾದಾಗ ಇಬ್ಬರೂ ಅದೇ ನೀರೋನ ಆಜ್ಞೆಯಿಂದ ಪ್ರಾಣ ಕಳೆದುಕೊಂಡರೆಂಬುದನ್ನು ತಿಳಿದವರಿಗೆ ಈ ಹಾಡು ಕೇಳಿಸುವ ಬಗೆಯೇ ಬೇರೆ.

ನನ್ನನ್ನು ಹೆಚ್ಚು ಕಾಡುವವಳು ಒತ್ತಾವಿಯಾ. ಮದುವೆಯೆಂಬ ಸಂಕೋಲೆ ಹೆಣ್ಣನ್ನು ದಾಸಿಯಾಗಿಸುತ್ತದೆ, ನಾವು ಗಂಡುಮಕ್ಕಳನ್ನು ಹೊತ್ತರೆ ನಮ್ಮನ್ನಾಳುವ ಕ್ರೂರಿಯ ಅಂಗಾಂಗಗಳನ್ನು ನಾವೇ ನಮ್ಮ ಗರ್ಭದಲ್ಲಿ ರೂಪಿಸುತ್ತೇವೆ ಎಂಬ ಅವಳ ಪ್ರಲಾಪ 1643ರದ್ದೆಂದು ನಂಬುವುದೇ ಕಷ್ಟ. ಬೇರೊಬ್ಬನನ್ನು ಪ್ರೀತಿಸಿ ಸೇಡು ತೀರಿಸಿಕೊ ಎಂದು ದಾದಿ ಹೇಳಿದಾಗ ಅವಳು ಒಪ್ಪುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಅವಳೇ ಪೊಪ್ಪೆಯಾಳ ಹಳೆಯ ಪ್ರಿಯಕರ ಒತ್ತೋನೆಯನ್ನು ಕರೆಸಿ, ಹೆಣ್ಣಿನ ವೇಷ ತೊಟ್ಟು ಪೊಪ್ಪೆಯಾಳನ್ನು ಕೊಲ್ಲು, ಒಪ್ಪದಿದ್ದರೆ ನನ್ನ ಮಾನಭಂಗಕ್ಕೆ ಯತ್ನಿಸಿದೆಯೆಂದು ನೀರೋನಿಗೆ ದೂರು ಕೊಡುತ್ತೇನೆ ಎನ್ನುತ್ತಾಳೆ. ಇದು ಬುಸೆನೆಲ್ಲೊನ ಕಲ್ಪನೆ. ಇತಿಹಾಸದ ಒತ್ತಾವಿಯಾಳ, ಅಂದರೆ ಆಕ್ಟೇವಿಯಾಳ, ಮೇಲೆಯೇ ವ್ಯಭಿಚಾರದ ಸುಳ್ಳು ಆರೋಪ ಹೊರಿಸಿ, 62ರಲ್ಲಿ ಅವಳನ್ನು ಪಾಂದಾತೇರಿಯಾ ದ್ವೀಪಕ್ಕೆ ಅಟ್ಟಿ ಕೊಲ್ಲಿಸಲಾಯಿತು. ಅವಳ ಪರವಾಗಿ ಜನ ಬೀದಿಗಿಳಿದು ಪೊಪ್ಪೆಯಾಳ ಪ್ರತಿಮೆಗಳನ್ನು ಉರುಳಿಸಿದ್ದರು. ಆಗ ಆಕ್ಟೇವಿಯಾಳಿಗೆ ಸುಮಾರು ಇಪ್ಪತ್ತು ವರ್ಷ. ಅಂಥ ನಿರಪರಾಧಿಯ ಕೈಗೆ ಕವಿ ಸುಳ್ಳು ಆರೋಪದ ಅಸ್ತ್ರವನ್ನೇ ಕೊಟ್ಟದ್ದು ಅನ್ಯಾಯವೆಂದು ಕೆಲವರು ಸಿಟ್ಟಾಗುತ್ತಾರೆ. ಚರಿತ್ರೆಯ ದೃಷ್ಟಿಯಿಂದ ಆ ಸಿಟ್ಟು ಸರಿಯೇ. ನಾಟಕದ ದೃಷ್ಟಿಯಿಂದ ಮಾತ್ರ ಇದಕ್ಕಿಂತ ನಿಖರವಾದ ನಿರ್ಧಾರ ಇನ್ನೊಂದಿಲ್ಲ, ಏಕೆಂದರೆ ಚಕ್ರವರ್ತಿಯ ಒಂದು ಅನುಮಾನಕ್ಕೆ ಜೀವ ಹೋಗುವ ಜಾಗದಲ್ಲಿ ಅನ್ಯಾಯಕ್ಕೊಳಗಾದವಳಿಗೂ ಉಳಿದಿರುವ ಏಕೈಕ ಆಯುಧ ಆ ಅನುಮಾನವೇ. ಪೊಪ್ಪೆಯಾ ಸೆನೆಕಾನ ಮೇಲೆ ಬಳಸಿದ್ದನ್ನೇ ಒತ್ತಾವಿಯಾ ಒತ್ತೋನೆಯ ಮೇಲೆ ಬಳಸುತ್ತಾಳೆ.

ಒತ್ತೋನೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪೊಪ್ಪೆಯಾಳನ್ನು ಕಳೆದುಕೊಂಡ ಕೊರಗು, ರಾಣಿಯ ಭಯ, ತನ್ನನ್ನು ಪ್ರೀತಿಸುವ ದ್ರುಸಿಲ್ಲಾಳ ಬಟ್ಟೆ, ಇಷ್ಟೇ ಅವನ ಬಂಡವಾಳ. ಇಂಥವನು ಇತಿಹಾಸದಲ್ಲಿ 69ರಲ್ಲಿ ಮೂರು ತಿಂಗಳು ರೋಮಿನ ಚಕ್ರವರ್ತಿಯಾಗಿದ್ದನೆಂದರೆ ನಗು ಬರುತ್ತದೆ. ಕೊಲೆಯ ಯತ್ನ ವಿಫಲವಾದಾಗ ಅವನಿಗಾಗಿ ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡು, ಕೊನೆಗೆ ಅವನೊಡನೆ ಗಡೀಪಾರಿಗೂ ಸಂತೋಷದಿಂದ ಹೊರಡುವ ದ್ರುಸಿಲ್ಲಾ ಒಬ್ಬಳೇ ಈ ನಾಟಕದಲ್ಲಿ ಲಾಭದ ಲೆಕ್ಕವಿಲ್ಲದೆ ನಡೆಯುವವಳು.

ಇನ್ನು ಪಟ್ಟಾಭಿಷೇಕದ ದೃಶ್ಯ. ಅಲ್ಲಿಗೆ ಬಂದು ಪೊಪ್ಪೆಯಾಗೆ ಏಷ್ಯಾ, ಆಫ್ರಿಕಾ, ಯುರೋಪುಗಳು ತಲೆಬಾಗುತ್ತವೆ ಎಂದು ಹಾಡುವವರು ಕಾನ್ಸುಲರು ಮತ್ತು ಟ್ರಿಬ್ಯೂನರು. ಗಣರಾಜ್ಯವಾಗಿದ್ದ ಕಾಲದಲ್ಲಿ ರೋಮಿನ ಅತ್ಯುನ್ನತ ಅಧಿಕಾರವಿದ್ದದ್ದು ಕಾನ್ಸುಲರಲ್ಲಿ. ಸಾಮಾನ್ಯ ಜನರ ಪರವಾಗಿ ಅಧಿಕಾರಸ್ಥರನ್ನು ತಡೆಯಲೆಂದೇ ಹುಟ್ಟಿದ ಹುದ್ದೆ ಟ್ರಿಬ್ಯೂನರದು. ಸೆನೆಟನ್ನೂ ಜನರನ್ನೂ ಲೆಕ್ಕಕ್ಕಿಡುವುದಿಲ್ಲವೆಂದು ಮೊದಲ ಅಂಕದಲ್ಲೇ ಹೇಳಿದವನ ಮದುವೆಯಲ್ಲಿ ಅವರು ಬಾಯಿತುಂಬ ಮಂಗಳ ಹಾಡುವುದನ್ನು, ತಮ್ಮದು ಗಣರಾಜ್ಯವೆಂದು ಹೆಮ್ಮೆಪಡುತ್ತಿದ್ದ ವೆನಿಸ್ ಜನ ಕೇಳಿ ಏನೂ ಅರ್ಥಮಾಡಿಕೊಳ್ಳದೆ ಮನೆಗೆ ಹೋದರೆಂದು ನಾನು ಭಾವಿಸಲಾರೆ. ಇದನ್ನು ಅನೀತಿಯ ನಾಟಕವೆನ್ನುವವರು ಈ ದೃಶ್ಯವನ್ನು ಬರಿಯ ವೈಭವವೆಂದು ದಾಟಿಬಿಡುತ್ತಾರೆ.

ಕೊನೆಯ ಯುಗಳಗೀತೆಯ ಸಂಗೀತ ಮೊಂತೆವೆರ್ದಿಯದ್ದಲ್ಲ, ಬೇರೊಬ್ಬರು ಸೇರಿಸಿದ್ದಿರಬಹುದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೂ ಸೇರಿಸಿದವರು ನಾಟಕವನ್ನು ಬಲ್ಲವರೇ. ನಿನ್ನನ್ನು ನೋಡುತ್ತೇನೆ, ನಿನ್ನನ್ನು ಅನುಭವಿಸುತ್ತೇನೆ ಎಂದು ಎರಡು ಎತ್ತರದ ಸ್ವರಗಳು ಒಂದರೊಳಗೊಂದು ಹೆಣೆದುಕೊಳ್ಳುವಾಗ ಯಾವುದು ನೀರೋನದು, ಯಾವುದು ಪೊಪ್ಪೆಯಾಳದು ಎಂದು ಬಿಡಿಸಿ ಹೇಳಲಾಗುವುದಿಲ್ಲ. ಸಿಂಹಾಸನ ಸಿಕ್ಕ ಮೇಲೆ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತೋ ಏನೋ, ಆ ಸಾಧ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹಾಗೆ ಹುಟ್ಟಿದ್ದರೆ ಅದು ಅವಳ ಲೆಕ್ಕಾಚಾರದಲ್ಲಿ ಆದ ಒಂದೇ ಒಂದು ಎಡವಟ್ಟು, ಏಕೆಂದರೆ ಟ್ಯಾಸಿಟಸ್ ಬರೆದಂತೆ ಅವಳು ಗರ್ಭಿಣಿಯಾಗಿದ್ದಾಗ 65ರಲ್ಲಿ ಸತ್ತದ್ದು ಸಿಟ್ಟಿಗೆದ್ದ ನೀರೋ ಒದ್ದ ಒದೆಯಿಂದ.