ನೆಡುವಾಗ 125 ರೂಪಾಯಿ, ಕಡಿಯುವಾಗ ಕಚೇರಿ ಅಲೆದಾಟ

ಬೆಳಗ್ಗೆಯಿಂದ ಒಂದೇ ವಿಡಿಯೊ ಎಲ್ಲ ಗ್ರೂಪುಗಳಲ್ಲೂ ಓಡಾಡ್ತಿದೆ. ಬರಡು ಜಮೀನಲ್ಲಿ ಗಂಧ ನೆಡಿ, ಸರ್ಕಾರವೇ ದುಡ್ಡು ಕೊಡುತ್ತೆ, ಆದಾಯಕ್ಕೆ ತೆರಿಗೆ ಇಲ್ಲ, ಹದಿನೈದು ವರ್ಷಕ್ಕೆ ಕೋಟ್ಯಧಿಪತಿ! ಹಿನ್ನೆಲೆಯಲ್ಲಿ ಕೊಳಲು ಬೇರೆ. ಇದು ಪೂರಾ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅರ್ಧ ನಿಜ, ಅದಕ್ಕೇ ಉರಿಯೋದು.

ದುಡ್ಡು ಕೊಡೋದು ನಿಜ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಶುರುವಾಯ್ತು. ಬದುಕುಳಿದ ಒಂದು ಗಿಡಕ್ಕೆ ಮೂರು ವರ್ಷ ಸೇರಿ ಮೊದಲು 45 ರೂಪಾಯಿ ಇತ್ತು, ಆಮೇಲೆ 100 ಆಯ್ತು, ಅದನ್ನೂ 125ಕ್ಕೆ ಏರಿಸಿದರು: ಮೊದಲ ವರ್ಷ ತುಂಬಿದಾಗ 35, ಎರಡನೇದಕ್ಕೆ 40, ಮೂರನೇದಕ್ಕೆ 50. ಹೆಕ್ಟೇರಿಗೆ 400 ಗಿಡದ ಮಿತಿ. ಐದು ಮೀಟರ್ ಅಂತರಕ್ಕೆ ನೆಟ್ಟರೆ ಸರಿಯಾಗಿ ಅಷ್ಟೇ ಹಿಡಿಯುತ್ತೆ, ಎಕರೆಗೆ ಸುಮಾರು 160. ಅಂದರೆ ಎಕರೆಗೆ ಮೂರು ವರ್ಷದಲ್ಲಿ 20,000. ಒಂದೂ ಸಾಯದಿದ್ದರೆ!

ಸಾಯುತ್ತೆ. ಬರಡು ನೆಲದಲ್ಲಿ ಮೊದಲ ಬೇಸಿಗೆ ಬರೋದರೊಳಗೆ ಬೇರು ಆಳಕ್ಕೆ ಇಳಿದಿರಬೇಕು, ಇಲ್ಲದಿದ್ದರೆ ಕಥೆ ಮುಗೀತು. ಗುಂಡಿಯನ್ನು ಏಪ್ರಿಲ್-ಮೇನಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು: ಒಂದೂವರೆ ಅಡಿ ಉದ್ದ, ಅಗಲ, ಆಳ, ಗರಸು ನೆಲವಾದರೆ ಎರಡಡಿ. ಮೇಲ್ಮಣ್ಣು ಬೇರೆ, ಕೆಳಗಿನ ಗೊಚ್ಚು ಬೇರೆ ಗುಡ್ಡೆ ಹಾಕಿ, ತುಂಬುವಾಗ ಮೇಲ್ಮಣ್ಣನ್ನ ಮೊದಲು ತಳಕ್ಕೆ ಹಾಕಿ. ಜೂನಿನಲ್ಲಿ ನೆಲ ಚೆನ್ನಾಗಿ ನೆನೆದ ಮೇಲೆ ನೆಡಬೇಕು. (ಇಲಾಖೆಯಿಂದ ಗಿಡ ಕೈಗೆ ಬರೋದೇ ಆಗಸ್ಟಿನಲ್ಲಾದರೆ ಗಿಡ ಹಂಚೋರ ಭಾಷಣ ಕೇಳಿ ಮನೆಗೆ ಹೋಗಿ.) ಪ್ಲಾಸ್ಟಿಕ್ ಚೀಲ ಪೂರ್ತಿ ಹರಿದು ತೆಗೀರಿ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಬ್ಲೇಡಿನಿಂದ ಕತ್ತರಿಸಿ. ಕತ್ತರಿಸದೆ ಹಾಗೇ ನೆಟ್ಟ ಗಿಡ ಎರಡು ವರ್ಷ ಹಸಿರಾಗಿದ್ದು ಆಮೇಲೆ ಒಂದು ಜೋರು ಗಾಳಿಗೆ ಬುಡಸಮೇತ ಮಲಗುತ್ತೆ. ಗಂಧಕ್ಕಂತೂ ಪಕ್ಕದಲ್ಲಿ ಆಸರೆ ಗಿಡ ಬೇಕೇ ಬೇಕು, ಅದು ಇನ್ನೊಂದರ ಬೇರಿನಿಂದ ಹೀರಿ ಬದುಕೋ ಜಾತಿ. ಮೊದಲಿಗೆ ತೊಗರಿ, ಮುಂದಕ್ಕೆ ಸರ್ವೆ ಅಥವಾ ಹೊಂಗೆ. ಗಂಧವನ್ನು ಒಂಟಿಯಾಗಿ ನೆಟ್ಟು, ಎಲೆ ಹಳದಿಯಾಯ್ತು ಅಂತ ಯೂರಿಯಾ ಸುರಿಯೋರಿಗೆ ಏನು ಹೇಳಲಿ.

ಇದೆಲ್ಲ ಕಲಿಯಬಹುದಾದ ಕೆಲಸ. ನನ್ನ ತಕರಾರು ಬೇರೆ. ಪ್ರೋತ್ಸಾಹ ಮೂರು ವರ್ಷಕ್ಕೆ ಮುಗಿಯುತ್ತೆ, ಮರ ಇಪ್ಪತ್ತು ಮೂವತ್ತು ವರ್ಷ ನಿಂತಿರುತ್ತೆ, ಕಡಿಯೋ ದಿನ ಮಾತ್ರ ಜಮೀನಿನವನೇ ಕಳ್ಳನ ಥರ ದಾಖಲೆ ಹಿಡಿದು ನಿಲ್ಲಬೇಕು. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ, ಸಾಗಿಸೋಕೆ ರಹದಾರಿ. ಸಿಲ್ವರ್ ಓಕ್, ಸರ್ವೆ, ಸುಬಾಬುಲ್ ಕಡಿಯೋಕೆ ಆ ಅನುಮತಿ ಬೇಡ, ಆದರೆ ಅವಕ್ಕೆ ಪ್ರೋತ್ಸಾಹಧನವೂ ಇಲ್ಲ. ತೇಗಕ್ಕೆ, ಹೊನ್ನೆಗೆ ಪ್ರೋತ್ಸಾಹಧನ ಇದೆ, ಕಡಿಯೋಕೆ ಅರ್ಜಿ. ಯಾವ ಮರ ನೆಡು ಅಂತ ಬೆನ್ನು ತಟ್ಟುತ್ತಾರೋ ಅದೇ ಮರದ ಬುಡಕ್ಕೆ ಬೀಗ! ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಡುಮರ ಹೋಗಿ ಸಿಲ್ವರ್ ತುಂಬಿಕೊಂಡಿದ್ದು ಬೆಳೆಗಾರರಿಗೆ ತಲೆ ಇಲ್ಲ ಅಂತಲ್ಲ, ತಲೆ ಇದೆ ಅಂತ. ಗಂಧದ ಕಥೆ ಮರೆತುಹೋಯ್ತಾ? ಹೊಲದಲ್ಲಿ ಬೆಳೆದ ಗಂಧ ಜಮೀನಿನವನದೇ ಅಂತ ತಿದ್ದುಪಡಿ ಆಗಿದ್ದು 2001ರಲ್ಲಿ. ಅದಕ್ಕೂ ಮುಂಚೆ ಬದುವಿನಲ್ಲಿ ಸಸಿ ಮೊಳೆತರೆ ಕಿತ್ತೆಸೆಯೋದೇ ಜಾಣತನವಾಗಿತ್ತು.

ಅನುಮತಿ ತೆಗೆದರೆ ಕಾಡಿನ ತೇಗವನ್ನೇ ಹೊಲದ ತೇಗ ಅಂತ ಸಾಗಿಸ್ತಾರೆ ಅಂತ ವಾದ ಬರುತ್ತೆ. ಒಪ್ಪೋಣ. ಆದರೆ ಈ ಯೋಜನೆಯಲ್ಲಿ ಗಿಡ ಕೊಟ್ಟಿದ್ದು ಯಾರು? ಇಲಾಖೆ. ವರ್ಷ ವರ್ಷ ಬಂದು ಎಣಿಸಿದ್ದು ಯಾರು? ಇಲಾಖೆ. ಎಣಿಸಿ ದುಡ್ಡು ಕೊಟ್ಟ ಮರದ ಬಗ್ಗೆಯೂ 'ಇದು ನಿಂದೇ ಅನ್ನೋದಕ್ಕೆ ಏನು ಪುರಾವೆ' ಅಂದರೆ?

ಇನ್ನು ತೆರಿಗೆ. ನೆಟ್ಟು ಬೆಳೆಸಿದ ಮರ ಮಾರಿದ ದುಡ್ಡು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ನಿಮಗೆ ಸಂಬಳವೋ ಬಾಡಿಗೆಯೋ ವಿನಾಯಿತಿ ಮಿತಿ ಮೀರಿ ಬರ್ತಿದ್ದರೆ, ತೆರಿಗೆಯ ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸ್ತಾರೆ. ಇಪ್ಪತ್ತು ವರ್ಷದ ಬೆಳೆ ಒಂದೇ ವರ್ಷ ಮಾರಿದರೆ ಸಂಬಳದ ಮೇಲಿನ ತೆರಿಗೆ ಮೇಲಿನ ಸ್ಲ್ಯಾಬಿಗೆ ಹಾರುತ್ತೆ. ಮೂರು ನಾಲ್ಕು ವರ್ಷಕ್ಕೆ ಹಂಚಿ ಕಡೀರಿ ಅನ್ನೋಣವೆಂದರೆ ಅನುಮತಿ ಯಾವಾಗ ಸಿಗುತ್ತೆ ಅನ್ನೋದು ನಮ್ಮ ಕೈಲಿಲ್ಲ. ಮತ್ತೆ ಅಲ್ಲಿಗೇ ಬಂದೆವು.

ಇನ್ನೊಂದು ತಮಾಷೆ. ಕಲ್ಲು ಜಮೀನಿಗೆ ಎಷ್ಟೋ ಕಡೆ ಅಗ್ಗದ ದಾರಿ ಏನೂ ನೆಡದಿರೋದು. ಕುರಿ-ಮೇಕೆ, ಬೆಂಕಿ ಎರಡನ್ನೂ ತಡೆದರೆ ಹಳೇ ಬೇರುಗಳೇ ಚಿಗುರುತ್ತವೆ: ದಿಂಡಿಗ, ಕಮರ, ಹೊಂಗೆ. ಆದರೆ ತಾನಾಗಿ ಬಂದ ಮರಕ್ಕೆ ಪ್ರೋತ್ಸಾಹಧನ ಇಲ್ಲ. ಉಳುಮೆ, ಬಿತ್ತನೆ, ನೆಡುವಿಕೆಯಂಥ ಮೂಲ ಕೆಲಸ ನೆಲದ ಮೇಲೆ ನಡೆಯದಿದ್ದರೆ ಅದು ಕೃಷಿ ಆದಾಯವಲ್ಲ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿಯಾಗಿದೆ, ಹಾಗಾಗಿ ತೆರಿಗೆ ವಿನಾಯಿತಿಯೂ ಅನುಮಾನ. ಕಡಿಯೋ ಅನುಮತಿ ಮಾತ್ರ ಅದಕ್ಕೂ ಬೇಕು!

ಇಷ್ಟಾದರೂ ಈ ಯೋಜನೆ ನನಗೆ ಇಷ್ಟ, ಸಿಟ್ಟಿಗೆ ಅದೇ ಕಾರಣ. ನೆಡ್ತೀನಿ ಅನ್ನೋರು ನರ್ಸರಿಯ ರಸೀದಿ, ಅರ್ಜಿಯ ಪ್ರತಿ, ವರ್ಷಕ್ಕೊಂದು ಫೋಟೊ ಜೋಪಾನ ಮಾಡಿ. ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರು) ಬೆನ್ನು ಬಿದ್ದು ಮರಗಳನ್ನ ಪಹಣಿಗೆ ಹತ್ತಿಸಿ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಮಂಜೂರಾತಿ ಪತ್ರದಲ್ಲಿ ಮರದ ಬಗ್ಗೆ ಏನು ಷರತ್ತಿದೆ ಅಂತ ಗುಂಡಿ ತೆಗೆಯೋಕೆ ಮುಂಚೆ ಓದಿ. ಇನ್‌ಬಾಕ್ಸಿಗೆ ಬಂದು 'ಯಾವ ಗಿಡಕ್ಕೆ ರೇಟ್ ಜಾಸ್ತಿ ಸರ್' ಅಂತ ಕೇಳೋರು ಮೊದಲು ಎರಡಡಿ ಅಗೆದು ಕೆಳಗೆ ಏನಿದೆ ಅಂತ ನೋಡ್ಕೊಂಡು ಬನ್ನಿ. ಬಂಡೆ ಸಿಕ್ಕರೆ ತೇಗದ ಮಾತು ಎತ್ತಬೇಡಿ.