ಕೊನೆಯದಾಗಿ, ಕರ್ತನೇ

ಬಲಗೈಯ ನಡುಬೆರಳಿನಲ್ಲಿ ಪೆನ್ನು ಒತ್ತಿ ಎದ್ದ ಗುಳ್ಳೆ ಇನ್ನೂ ಇಳಿದಿಲ್ಲ. ಇಂದು ಬೆಳಿಗ್ಗೆ 8ರಿಂದ ಮಧ್ಯಾಹ್ನ 3ರವರೆಗೆ ಕುಳಿತು 18 ಪುಟಗಳ ಸಂಖ್ಯಾಶಾಸ್ತ್ರದ ಅಸೈನ್‌ಮೆಂಟ್ ಒಂದನ್ನು ಎರಡನೆಯ ಸಲ ಬರೆದು ಮುಗಿಸಿದ್ದೇನೆ. ಎರಡನೆಯ ಸಲ ಎಂಬುದೂ ಪೂರ್ತಿ ನಿಜವಲ್ಲ; ಮೊದಲನೆಯ ಸಲ ಕೈ ಮಾತ್ರ ನನ್ನದಾಗಿತ್ತು, ತಲೆ ಪಕ್ಕದ ಕೋಣೆಯವನದು. ಈ ಸಂಗತಿ ಆ ಪಕ್ಕದ ಕೋಣೆಯವನಿಗೆ, ನನಗೆ, ನನ್ನ ಕೋಣೆಯ ಗೆಳೆಯನಿಗೆ ಮತ್ತು ಎಲ್ಲವನ್ನೂ ಬಲ್ಲ ದೇವರಿಗೆ ಬಿಟ್ಟರೆ ಇನ್ನಾರಿಗೂ ತಿಳಿದಿರಲಿಲ್ಲ. ನಿನ್ನೆ ರಾತ್ರಿ ಅದು ಸಂಖ್ಯಾಶಾಸ್ತ್ರದ ಮೇಡಂ ಅವರಿಗೂ ತಿಳಿಯಿತು. ತಿಳಿಸಿದವನು ನನ್ನ ಕೋಣೆಯ ಗೆಳೆಯ. ಹಾಗೆಂದು ಅವನು ಚಾಡಿ ಹೇಳಿದನೆಂದು ದೂರುವಂತೆಯೂ ಇಲ್ಲ. ಅವನು ಪ್ರಾರ್ಥನೆ ಮಾಡಿದ.

ಕ್ರೈಸ್ತ ಕಾಲೇಜಿನಲ್ಲಿ ಓದಿದವರಿಗೆ ಸೆಮಿಸ್ಟರಿನ ಕೊನೆಯ ಎರಡು ವಾರಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರಂಭದ ದಿನಗಳಲ್ಲಿ ಹಾಜರಾತಿಯ ಭಯಕ್ಕೆ ಚಾಪೆಲ್ಲಿಗೆ ಬಂದು ಹಿಂದಿನ ಬೆಂಚಿಗಾಗಿ ಪೈಪೋಟಿ ನಡೆಸಿದ ನಾವೇ, ಹಾಲ್ ಟಿಕೆಟ್ ಕೈಗೆ ಬಂದ ಮರುದಿನದಿಂದ ಯಾರೂ ಕರೆಯದಿದ್ದರೂ ಬಂದು ಮುಂದಿನ ಸಾಲಿನಲ್ಲಿ ಮಂಡಿಯೂರಿರುತ್ತೇವೆ. ನಮ್ಮ ಹಿರಿಯ ಪಾದ್ರಿಗಳು ಪರೀಕ್ಷೆಯ ವೇಳಾಪಟ್ಟಿಯನ್ನು ಸೂಚನಾಫಲಕದಲ್ಲಿ ನೋಡುವುದೇ ಇಲ್ಲವಂತೆ. ಮೇಣದಬತ್ತಿಯ ಪೆಟ್ಟಿಗೆ ಎಷ್ಟು ಬೇಗ ಬರಿದಾಗುತ್ತದೆ ಎಂಬುದರಿಂದಲೇ ಅವರಿಗೆ ದಿನಾಂಕ ತಿಳಿಯುತ್ತದಂತೆ. ನೋಟ್ಸಿನ ವಿಷಯದಲ್ಲಿ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಹತ್ತು ಮಂದಿ ಕನ್ಯೆಯರ ಸಾಮ್ಯಕಥೆ ಪ್ರತಿ ಸೆಮಿಸ್ಟರಿನಲ್ಲೂ ಹೊಸದಾಗಿ ನಡೆಯುತ್ತದೆ. ದೀಪಕ್ಕೆ ಎಣ್ಣೆ ಸಾಲದೆ ಹೋದೀತೆಂದು ಐದು ಮಂದಿ ಬುದ್ಧಿವಂತೆಯರು ಉಳಿದ ಐವರಿಗೆ ಕೊಡಲಿಲ್ಲ ಎಂಬುದನ್ನು ಒಪ್ಪಬಹುದು. ಆದರೆ ನೋಟ್ಸು ಎರವಲು ಕೊಟ್ಟರೆ ಖರ್ಚಾಗುವ ಪದಾರ್ಥವಲ್ಲ ಎಂಬುದನ್ನು ನಮ್ಮ ತರಗತಿಯ ಬುದ್ಧಿವಂತರಿಗೆ ಯಾವ ಧರ್ಮಶಾಸ್ತ್ರದಿಂದಲೂ ಮನವರಿಕೆ ಮಾಡಿಕೊಡಲು ನನ್ನಿಂದ ಸಾಧ್ಯವಾಗಿಲ್ಲ.

ಇದೇ ದಿನಗಳಲ್ಲಿ ಕುಪರ್ತೀನೊದ ಸಂತ ಜೋಸೆಫರ ಪುಟ್ಟ ಚಿತ್ರಪಟವೊಂದು ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತದೆ. 1603ರಲ್ಲಿ ಇಟಲಿಯಲ್ಲಿ ಹುಟ್ಟಿದ ಈ ಫ್ರಾನ್ಸಿಸ್ಕನ್ ಸನ್ಯಾಸಿಗೆ ಓದು ತಲೆಗೆ ಹತ್ತುತ್ತಿರಲಿಲ್ಲ. ಇಡೀ ಸುವಾರ್ತೆಯಲ್ಲಿ ಅವರು ಚೆನ್ನಾಗಿ ವಿವರಿಸಬಲ್ಲವರಾಗಿದ್ದುದು ಒಂದೇ ಒಂದು ವಾಕ್ಯವನ್ನಂತೆ, ಪರೀಕ್ಷೆ ಮಾಡಲು ಕುಳಿತ ಬಿಷಪ್ಪರು ಪುಸ್ತಕ ತೆರೆದು ಕೇಳಿದ್ದೂ ಅದನ್ನೇ ಅಂತೆ. ಅದರ ಮುಂದಿನ ಪರೀಕ್ಷೆಯಲ್ಲಿ ಮೊದಲ ಕೆಲವರು ಸೊಗಸಾಗಿ ಉತ್ತರಿಸಿದ್ದನ್ನು ಕಂಡು, ಉಳಿದವರನ್ನು ಕೇಳುವುದೇ ಬೇಡವೆಂದು ಎಲ್ಲರನ್ನೂ ತೇರ್ಗಡೆ ಮಾಡಿದರಂತೆ. ಆ ಉಳಿದವರಲ್ಲಿ ಇವರೂ ಒಬ್ಬರು. 1767ರಲ್ಲಿ ಸಂತ ಪದವಿ ಪಡೆದ ಇವರು ಪರೀಕ್ಷೆ ಬರೆಯುವವರ ಪಾಲಕ ಸಂತರಾದದ್ದರಲ್ಲಿ ಆಶ್ಚರ್ಯವಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಅವರು ನೆಲ ಬಿಟ್ಟು ಮೇಲೇಳುತ್ತಿದ್ದರೆಂಬ ಪ್ರಸಿದ್ಧಿಯೂ ಇದೆ. ನಮಗಾದರೋ ಗಾಳಿಯಲ್ಲಿ ತೇಲುವುದಕ್ಕಿಂತ, ಓದಿದ ಒಂದೇ ಪ್ರಶ್ನೆ ಬರುವುದೇ ದೊಡ್ಡ ಪವಾಡವಾಗಿ ಕಾಣುತ್ತದೆ.

ನಮ್ಮ ಭಕ್ತಿಯೆಲ್ಲ ಹೀಗೆ ಮಳೆಗಾಲದ ತೊರೆಯಂಥದ್ದು. ನನ್ನ ಕೋಣೆಯ ಗೆಳೆಯನದು ಹನ್ನೆರಡು ತಿಂಗಳೂ ಬತ್ತದ ಬಾವಿ. ಅಲಾರಂ ಇಡುವ ಮೊದಲು ಅವನು ಪ್ರಾರ್ಥಿಸುತ್ತಾನೆ, ಅದು ಹೊಡೆದುಕೊಂಡ ಮೇಲೂ ಪ್ರಾರ್ಥಿಸುತ್ತಾನೆ. ಈ ಎರಡರ ನಡುವೆ ಅಲಾರಂ ನಿಲ್ಲಿಸುವ ಕೆಲಸ ನನ್ನದು. ಒಮ್ಮೆ ಗ್ರಂಥಾಲಯದ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿದ, ಪ್ರಿಂಟರು ಸರಿಯಾಯಿತು. ಅದಕ್ಕೂ ಮೊದಲು ಇಪ್ಪತ್ತು ನಿಮಿಷ ಅದರ ಹೊಟ್ಟೆಯೊಳಗೆ ಕೈಹಾಕಿ ಹರಿದ ಕಾಗದವನ್ನು ಚೂರುಚೂರಾಗಿ ಹೊರಗೆಳೆದವನು ನಾನು ಎಂಬುದನ್ನು ಮುಂದಿನ ವಾರದ ಕೂಟದಲ್ಲಿ ಅವನು ಸಾಕ್ಷಿ ಹೇಳುವಾಗ ಮರೆತೇಬಿಟ್ಟಿದ್ದ. ಅವನ ಬಳಿ ಅಂಗೈಯಗಲದ ಒಂದು ಪುಸ್ತಕವಿದೆ. ಪ್ರಾರ್ಥನೆಯ ಅಗತ್ಯವಿರುವವರಿಗೆ ಅದರಲ್ಲಿ ತಲಾ ಒಂದು ಪುಟ. ವಿಷಯಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಈಡೇರಿದ್ದಕ್ಕೆ ಅಡ್ಡಗೆರೆ ಎಳೆಯುತ್ತಾನೆ. ನನ್ನ ಪುಟ ತುಂಬಿ ಹಾಳೆಯ ಹಿಂಬದಿಗೆ ಹೋಗಿದೆ. ಅಡ್ಡಗೆರೆಗಳು ಮಾತ್ರ ತೀರ ಕಡಿಮೆ.

ಇಷ್ಟಾದರೂ ಸಹಿಸಿಕೊಳ್ಳಬಹುದಾಗಿತ್ತು. ಸಹಿಸಲಾಗದಿರುವುದು ಅವನ 'ಕೊನೆಯದಾಗಿ'. ಓದಲು ಕೂಡುವ ಮೊದಲು ಎರಡು ಮಾತು ಪ್ರಾರ್ಥಿಸೋಣ ಎಂದು ಅವನು ಕಣ್ಣು ಮುಚ್ಚಿದನೆಂದರೆ ಮೊದಲು ಆಕಾಶ, ಭೂಮಿ, ಸಮುದ್ರ ಮತ್ತು ಅವುಗಳಲ್ಲಿರುವ ಸಮಸ್ತಕ್ಕಾಗಿ ಸ್ತೋತ್ರ ಸಲ್ಲಿಸಿ, ಅಲ್ಲಿಂದ ಕಾಲೇಜಿನ ಆಡಳಿತ ಮಂಡಳಿಗೆ ಇಳಿದು, ಪ್ರಶ್ನೆಪತ್ರಿಕೆ ತಯಾರಿಸುವವರ ಮನಸ್ಸನ್ನು ಮುಟ್ಟಿ, ಕುಳಿತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆದು, ಆಮೇಲೆ 'ಕೊನೆಯದಾಗಿ, ಕರ್ತನೇ' ಎನ್ನುತ್ತಾನೆ. ನಾವು ಆಮೆನ್ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ಕಾಯಿಲೆ ಬಿದ್ದಿರುವ ಹಾಸ್ಟೆಲ್ ಕಾವಲುಗಾರರ ನೆನಪಾಗುತ್ತದೆ. ಅವರು ಗುಣಮುಖರಾದ ಮೇಲೆ ಮತ್ತೊಮ್ಮೆ 'ಕೊನೆಯದಾಗಿ'. ಒಂದು ಪ್ರಾರ್ಥನೆಯಲ್ಲಿ ನಾಲ್ಕು ಕೊನೆಗಳನ್ನು ನಾನೇ ಎಣಿಸಿದ್ದೇನೆ. ಉಪನ್ಯಾಸಕರಾದರೆ ಗಡಿಯಾರ ನೋಡಬಹುದು, ಕೆಮ್ಮಬಹುದು. ದೇವರೊಡನೆ ಮಾತಾಡುತ್ತಿರುವವನನ್ನು ನಡುವೆ ತಡೆಯುವುದು ಹೇಗೆ? ಕಣ್ಣು ತೆರೆದರೆ, ನೀನು ಕಣ್ಣು ತೆರೆದದ್ದನ್ನು ನೋಡಿದೆ ಎನ್ನುವವನೂ ಕಣ್ಣು ತೆರೆದಿರಬೇಕಾದ್ದರಿಂದ ಅಪಾಯವೇನಿಲ್ಲ, ಆದರೂ ಅಂಜಿಕೆ.

ಒಂದು ದಿನ ತಾಳ್ಮೆಗೆಟ್ಟು ಮತ್ತಾಯನ 6ನೆಯ ಅಧ್ಯಾಯವನ್ನು ಅವನ ಮುಂದೆ ಬಿಚ್ಚಿಟ್ಟೆ. ಪ್ರಾರ್ಥನೆ ಮಾಡುವವನು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಮಾಡಬೇಕೆಂದೂ, ಬಹಳ ಮಾತಾಡಿದ ಮಾತ್ರಕ್ಕೆ ದೇವರು ಕೇಳುತ್ತಾನೆಂದು ಭಾವಿಸಬಾರದೆಂದೂ ಯೇಸುಸ್ವಾಮಿಯೇ ಹೇಳಿದ್ದಾರೆ, ಅದರ ಬೆನ್ನಿಗೇ ಅವರು ಕಲಿಸಿದ ಪ್ರಾರ್ಥನೆ ಒಂದು ನಿಮಿಷವೂ ಹಿಡಿಯುವುದಿಲ್ಲ ಎಂದು ವಾದಿಸಿದೆ. ಅವನು ನಗುತ್ತಲೇ ಲೂಕನ 18ನೆಯ ಅಧ್ಯಾಯ ತೆಗೆದು, ಕಾಟ ತಾಳಲಾರದೆ ನ್ಯಾಯಾಧೀಶನೇ ಸೋಲುವಷ್ಟು ಬೆನ್ನುಹತ್ತಿದ ವಿಧವೆಯನ್ನು ತೋರಿಸಿದ. ನಾನು ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯಕ್ಕೆ ನೆಗೆದೆ. ತ್ರೋವ ಎಂಬ ಊರಿನಲ್ಲಿ ಅಪೊಸ್ತಲ ಪೌಲನು ನಡುರಾತ್ರಿಯವರೆಗೆ ಮಾತು ಬೆಳೆಸಿದ್ದರಿಂದ, ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ಹುಡುಗ ನಿದ್ದೆ ಹತ್ತಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನಲ್ಲ, ದೀರ್ಘ ಭಾಷಣದ ಫಲ ನೋಡು ಎಂದೆ. ಅವನು ಶಾಂತವಾಗಿ, "ಪೂರ್ತಿ ಓದು. ಪೌಲನು ಕೆಳಗಿಳಿದು ಬಂದು ಅವನನ್ನು ತಬ್ಬಿಕೊಂಡ, ಹುಡುಗ ಬದುಕಿದ. ಆಮೇಲೆ ಪೌಲನು ಮತ್ತೆ ಮೇಲೆ ಹತ್ತಿ ಬೆಳಗಾಗುವ ತನಕ ಮಾತಾಡಿದ" ಎಂದ. ಓದಿ ನೋಡಿದೆ. ಹಾಗೆಯೇ ಇತ್ತು.

ನಿನ್ನೆ ರಾತ್ರಿ ಚಾಪೆಲ್ಲಿನ ಪಕ್ಕದ ಓದುಕೋಣೆಯಲ್ಲಿ ಆರು ಮಂದಿ ಸೇರಿದ್ದೆವು. ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಮೂರು ದಿನ ಉಳಿದಿತ್ತು. 9 ಗಂಟೆಗೆ ಸರಿಯಾಗಿ ಅವನು ಕಣ್ಣು ಮುಚ್ಚಿದ. ಎರಡನೆಯ 'ಕೊನೆಯದಾಗಿ' ಮುಗಿದ ಮೇಲೆ, "ನನ್ನ ಪಕ್ಕದಲ್ಲಿರುವ ಈ ನಿನ್ನ ಮಗನನ್ನು ನೆನಪುಮಾಡಿಕೋ, ಕರ್ತನೇ" ಎಂದಾಗ ನನಗೆ ಏಕೋ ಅಳುಕಾಗಿ ಒಂದು ಕಣ್ಣನ್ನು ಅರ್ಧ ತೆರೆದೆ. ಬಾಗಿಲಿನ ಹೊಸ್ತಿಲಲ್ಲಿ ಒಂದು ಜೊತೆ ಬೂದುಬಣ್ಣದ ಚಪ್ಪಲಿ ಕಾಣಿಸಿತು. ಕಣ್ಣನ್ನು ಇನ್ನಷ್ಟು ಮೇಲಕ್ಕೆ ಒಯ್ದರೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಎದೆಗೊತ್ತಿಕೊಂಡ ಹಾಜರಿ ಪುಸ್ತಕ. ನಮಗೇನಾದರೂ ಸಂದೇಹಗಳಿವೆಯೇ ಎಂದು ಕೇಳಲು ಬಂದ ಮೇಡಂ, ಪ್ರಾರ್ಥನೆ ನಡೆಯುತ್ತಿರುವುದನ್ನು ಕಂಡು ಅಲ್ಲೇ ತಲೆಬಾಗಿ ನಿಂತಿದ್ದರು.

"ಇವನು ಮೂರನೆಯ ಘಟಕವನ್ನು ಇನ್ನೂ ತೆರೆದಿಲ್ಲ, ಅದು ನಿನಗೆ ಗೊತ್ತಿದೆ" ಎಂದ ಗೆಳೆಯ. ನಾನು ಮೇಜಿನ ಕೆಳಗಿನಿಂದ ಅವನ ಕಾಲನ್ನು ಒದ್ದೆ. ಅದನ್ನು ಅವನು ಪವಿತ್ರಾತ್ಮನ ಪ್ರೇರಣೆ ಎಂದುಕೊಂಡಿರಬೇಕು, ಸ್ವರ ಏರಿತು. "ಇವನು ಒಪ್ಪಿಸಿದ ಅಸೈನ್‌ಮೆಂಟು ಪಕ್ಕದ ಕೋಣೆಯವನದನ್ನು ನೋಡಿ ಇಳಿಸಿದ್ದು, ಅದೂ ನಿನಗೆ ಗೊತ್ತಿದೆ!" ಇನ್ನೊಮ್ಮೆ ಒದ್ದೆ. "ಅವನು ತಪ್ಪಾಗಿ ಮಾಡಿದ್ದ ಲೆಕ್ಕವನ್ನೂ ಇವನು ಒಂದಿಷ್ಟೂ ತಪ್ಪಿಲ್ಲದೆ ಇಳಿಸಿದ್ದಾನೆ, ಕರ್ತನೇ! ಇವನನ್ನು ಕ್ಷಮಿಸು. ಅದನ್ನು ತಿದ್ದುವ ಮೇಡಂ ಅವರ ಹೃದಯದಲ್ಲಿ ಕರುಣೆಯನ್ನು ಹುಟ್ಟಿಸು. ಕೊನೆಯದಾಗಿ..."

"ಆಮೆನ್" ಎಂದಿತು ಬಾಗಿಲ ಕಡೆಯ ಧ್ವನಿ.

ಅವನ ಪ್ರಾರ್ಥನೆಯೊಂದು ಅಷ್ಟು ಚಿಕ್ಕದಾಗಿ ಮುಗಿದದ್ದು ಅದೇ ಮೊದಲು. ಮೇಡಂ ಅವರು ಹೆಚ್ಚು ಮಾತಾಡಲಿಲ್ಲ. "ನನ್ನ ಹೃದಯದಲ್ಲಿ ಕರುಣೆ ಹುಟ್ಟಿದೆ. ನಾಳೆ ಸಂಜೆ 4ರವರೆಗೆ ಸಮಯ ಕೊಡುತ್ತೇನೆ" ಎಂದು ಹೇಳಿ, ಯಾರ ಸಂದೇಹವನ್ನೂ ಕೇಳದೆ ಹೊರಟುಹೋದರು. ಗೆಳೆಯನ ಮುಖ ಬಿಳಿಚಿಕೊಂಡಿತ್ತು. ಉಳಿದ ನಾಲ್ವರು ಪುಸ್ತಕಗಳ ಹಿಂದೆ ಮುಖ ಮರೆಸಿಕೊಂಡು ಅಲುಗಾಡುತ್ತಿದ್ದರು. ಪಕ್ಕದ ಕೋಣೆಯವನಿಗೆ ಮಾತ್ರ ತನ್ನ ಲೆಕ್ಕ ತಪ್ಪಾಗಿತ್ತೆಂಬುದೇ ಅಂದಿನ ದೊಡ್ಡ ಸುದ್ದಿ. ಯಾವ ಲೆಕ್ಕವೆಂದು ರಾತ್ರಿಯೆಲ್ಲ ಪೀಡಿಸಿದ.

ಇಂದು ಬೆಳಿಗ್ಗೆ ನಾನು ಬರೆಯಲು ಕುಳಿತಾಗ ಗೆಳೆಯ ಎದುರಿಗೆ ಬಂದು ಕುಳಿತ. ಕೇಳದಿದ್ದರೂ 18 ಹಾಳೆಗಳಿಗೆ ಅಡಿಕೋಲು ಹಿಡಿದು ಅಂಚುಗೆರೆ ಎಳೆದುಕೊಟ್ಟ. ಮಧ್ಯೆ ಎರಡು ಸಲ ಪೆನ್ಸಿಲು ಚೂಪು ಮಾಡಿದ. ಮಾತಾಡಬಾರದೆಂದು ನಾನು ನಿರ್ಧರಿಸಿದ್ದೆ. ಇದು ನಮ್ಮ ಕೊನೆಯ ಸೆಮಿಸ್ಟರು. ಗೋಡೆಯ ಆ ಬದಿಯ ಮೊಳೆಗೆ ತೂಗುಹಾಕಿದ ಅವನ ಚೀಲ ಬರುವ ತಿಂಗಳು ಅಲ್ಲಿರುವುದಿಲ್ಲ. ನಾನು ಎಲ್ಲಿಗೆ ಕೆಲಸಕ್ಕೆ ಹೋದರೂ ಅಲಾರಂ ಒಂದೇ ಸಲ ಹೊಡೆಯುತ್ತದೆ, ಓದದೆ ಬಿಟ್ಟ ಘಟಕಗಳ ಲೆಕ್ಕವನ್ನು ಹೆಸರು ಹಿಡಿದು ಮೇಲಕ್ಕೆ ಒಪ್ಪಿಸುವವರು ಯಾರೂ ಇರುವುದಿಲ್ಲ. ಆ ಪುಟ್ಟ ಪುಸ್ತಕದಲ್ಲಿ ನನ್ನ ಪುಟವನ್ನು ಅವನು ಇಟ್ಟುಕೊಳ್ಳುತ್ತಾನೋ ಇಲ್ಲವೋ ಎಂದು ಕೇಳಬೇಕೆನಿಸಿ, ಕೋಪ ಹಾಳಾದೀತೆಂದು ಸುಮ್ಮನಾದೆ.

ಹನ್ನೆರಡನೆಯ ಪುಟದ ಹೊತ್ತಿಗೆ ಅವನೇ ಮೆಲ್ಲಗೆ, "ಪ್ರಾರ್ಥನೆ ಮಾಡಲೇನೋ?" ಎಂದ.

"ಮಾಡು. ಆದರೆ ಮನಸ್ಸಿನಲ್ಲೇ."

ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕುಳಿತ. ತುಟಿಗಳು ಅಲುಗಾಡತೊಡಗಿದವು, ಶಬ್ದ ಮಾತ್ರ ಇಲ್ಲ. ಒಂದು ನಿಮಿಷವಾಯಿತು, ಐದಾಯಿತು. ನಡುವೆ ಒಮ್ಮೆ ಹುಬ್ಬು ಗಂಟಿಕ್ಕಿದ, ಒಮ್ಮೆ ತಲೆಯಾಡಿಸಿ ನಿಟ್ಟುಸಿರು ಬಿಟ್ಟ. ನನ್ನ ಪೆನ್ನು ನಿಂತಿತು. ಗಟ್ಟಿಯಾಗಿ ಹೇಳುತ್ತಿದ್ದಾಗ ಕನಿಷ್ಠ ನನ್ನ ಮೇಲೆ ಏನೇನು ದೂರು ಹೋಗುತ್ತಿದೆ ಎಂಬುದಾದರೂ ತಿಳಿಯುತ್ತಿತ್ತು.

ಅವನು ಕಣ್ಣು ತೆರೆದ ಕೂಡಲೇ, "ನನ್ನ ಬಗ್ಗೆ ಏನು ಹೇಳಿದೆಯೋ?" ಎಂದು ಕೇಳಿದೆ.

"ಅದು ಗುಟ್ಟು" ಎಂದು ಮುಂದಿನ ಹಾಳೆಗೆ ಅಡಿಕೋಲು ಇಟ್ಟ. "ಮತ್ತಾಯ 6."